ಸುಬೇದಾರನ ಪಕ್ಕೆಲುಬುಗಳು

ಮೀನು ಬೇಯಿಸಿದ ಮಣ್ಣಿನ ಪಾತ್ರೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಕವುಚಿ ಹಾಕಿದರೂ ಅದರ ಮೈಯೊಳಗೆ ಹೊಕ್ಕ ವಾಸನೆ ಹೋಗುವುದಿಲ್ಲ. ಮೀನು ತಿನ್ನುವ ಮನೆಯವರಿಗೆ ಅದು ವಾಸನೆಯೇ ಅಲ್ಲ. ಮೀನು ಮುಟ್ಟದ ಜೈನರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೇಗೆ ತಿಳಿಯಿತು ಎಂದು ನೀವು ಕೇಳಬೇಕು. ಕೇಳಿ. ಹತ್ತು ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದೇನೆ. ಒಂದು ತಿಂಗಳಿಗೂ ಮೀರಿ ದಿನವೂ ಅಂಥ ಒಂದು ಪಾತ್ರೆಯನ್ನು ನಮ್ಮ ಬಾವಿಕಟ್ಟೆಯಲ್ಲಿ ಕೂತು ನಾನು ತಿಕ್ಕಿದ್ದೇನೆ. ಪಾತ್ರೆಯಲ್ಲಿದ್ದದ್ದನ್ನು ತಿನ್ನಬೇಕಾಗಿದ್ದ ಜೀವ ಹತ್ತು ಮಾರು ದೂರದ ದನದ ಹಟ್ಟಿಯಲ್ಲಿ ಹಸಿದು ಮಲಗಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂತು ಪಾತ್ರೆಯ ಕಪ್ಪು ಮೈ ಮಿರುಗುವ ಹಾಗೆ ತಿಕ್ಕುತ್ತಿದ್ದೆ.

ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ಅಜ್ಜಿಗೆ ಕೇಳಿಸುವುದಕ್ಕಾಗಿ ಗಟ್ಟಿಯಾಗಿ ಓದಿದ ವ್ರತಕಥೆ, ಪುರಾಣ. ಆದುದರಿಂದ ಈ ಬರವಣಿಗೆಯಲ್ಲಿ ಅಲ್ಲಲ್ಲಿ ಅಜ್ಜಿಯ ಪುಸ್ತಕಗಳ ದೊಡ್ಡ ಶಬ್ದಗಳು ಕಾಣಿಸಿದರೆ ಕ್ಷಮಿಸಿ. ಉಳಿದ ಯಾವುದನ್ನೂ ಕ್ಷಮಿಸಬೇಡಿ. ನನ್ನನ್ನು ಕ್ಷಮಿಸಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಬೆಳ್ತಂಗಡಿ ಪೇಟೆಯಿಂದ ಒಂದು ಮೈಲಿ ಈಚೆ, ರಸ್ತೆಬದಿಯ ನಮ್ಮ ಮನೆಯಲ್ಲಿ ಆಗ ಮೂರೇ ಜನ: ಅಜ್ಜಿ, ನಾನು, ನನ್ನ ತಮ್ಮ ನೇಮಿರಾಜ. ನೇಮು ಲಾರಿ ಓಡಿಸುತ್ತಿದ್ದ. ಚಾರ್ಮಾಡಿ ಘಾಟಿ ಹತ್ತಿ, ಮೇಲಿನ ತೋಟಗಳಿಂದ ಕಾಫಿ ಮೂಟೆ ತುಂಬಿಸಿ ಮಂಗಳೂರಿಗೆ ಇಳಿಸುವುದು ಅವನ ಕೆಲಸ. ಹೋದರೆ ಐದು ದಿನ, ಕೆಲವೊಮ್ಮೆ ಎಂಟು ದಿನ. ಐವತ್ತರ ದಶಕದ ಆ ವರ್ಷಗಳಲ್ಲಿ ಘಟ್ಟದ ಮೇಲಿನ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ತಮ್ಮ ಸೀಮೆಗೆ ಹೊರಡುತ್ತಿದ್ದರು. ಹಾಗೆ ಹೊರಟ ಒಬ್ಬ ದೊರೆ, ಸಾಮಾನು ಹೇರಲು ಹೋದ ನನ್ನ ತಮ್ಮನಿಗೆ ತನ್ನ ದೊಡ್ಡ ಜಾತಿಯ ನಾಯಿಯ ಒಂದು ಗಂಡು ಮರಿಯನ್ನು ಕೊಟ್ಟ. ಅದೇ ಸೂಲಿನ ಹೆಣ್ಣು ಮರಿಯನ್ನು, ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ತೋಡಾರಿನ ಶೆಟ್ಟರಿಗೆ ಕೊಟ್ಟ.

ಲಾರಿಯಿಂದ ಇಳಿದಾಗ ಎರಡೂವರೆ ತಿಂಗಳ ಆ ಮರಿ ನಮ್ಮೂರಿನ ಬೆಳೆದ ನಾಯಿಯಷ್ಟು ಎತ್ತರವಿತ್ತು. ಕಾಲು ಮಾತ್ರ ಕಂಡವರು ಕರು ಎನ್ನಬೇಕು. ಮುಖ ಮಾತ್ರ ಕಂಡವರು ಪಿಂಚಣಿ ನಿಂತುಹೋದ ಸಿಪಾಯಿ ಎನ್ನಬೇಕು, ಅಷ್ಟು ಗಂಭೀರ, ಹಣೆಯಲ್ಲಿ ಅಷ್ಟು ಸುಕ್ಕು. ಅಜ್ಜಿ ಜಗಲಿಯಿಂದಲೇ ಮಂಜುಗಣ್ಣನ್ನು ಕಿರಿದು ಮಾಡಿ ನೋಡಿ, "ಇದೆಂಥ ಮರಿಯಾ ನೇಮು? ಸುಬೇದಾರ ಬಂದು ನಿಂತ ಹಾಗೆ ಉಂಟಲ್ಲ!" ಎಂದರು. ಹೆಸರು ಅದೇ ಆಯಿತು.

ಘಾಟಿ ಇಳಿದ ಆಯಾಸಕ್ಕೋ, ತಾಯಿಯ ಹಾಲು ಬಿಟ್ಟದ್ದಕ್ಕೋ ಮರಿ ತೀರ ತೆಳ್ಳಗಿತ್ತು. ನೇಮು ಮೊದಲ ವಾರದಲ್ಲೇ ಅದನ್ನು ಬಂಟ್ವಾಳಕ್ಕೆ ಒಯ್ದು ದನದ ಡಾಕ್ಟರಿಗೆ ತೋರಿಸಿದ. ಅವರು ಹೇಳಿದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ನಮ್ಮ ಮುಂದೆ ಒಪ್ಪಿಸಿದ: ಇದು ಒಂದು ವರ್ಷದಲ್ಲಿ ಮನುಷ್ಯನಷ್ಟು ತೂಗುವ ಜಾತಿ, ಬರೀ ಗಂಜಿಯಲ್ಲಿ ಬೆಳೆಯುವುದಿಲ್ಲ. ಮೀನೋ ಮೊಟ್ಟೆಯೋ ಎಲುಬಿನ ರಸವೋ ದಿನಾ ಬೇಕು. ಹಾಗೆಂದು ತುಂಬಿ ತುಂಬಿ ತಿನ್ನಿಸಿ ಕೊಬ್ಬಿಸಲೂ ಬಾರದು. ಎಳೆಯ ಎಲುಬಿನ ಮೇಲೆ ಮೈಯ ಭಾರ ಬಿದ್ದರೆ ಕಾಲು ಬಾಗುತ್ತದೆ. "ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಅಷ್ಟು ನೆನಪಿಟ್ಟುಕೊಂಡರೆ ಸಾಕು ಅಂತ ಹೇಳಿದ್ದಾರೆ ಅಕ್ಕ."

ನಮ್ಮ ಮನೆಯಲ್ಲಿ ಮೀನು ಬೇಯುವಂತಿಲ್ಲ. ನೆಲದಡಿಯ ಗೆಡ್ಡೆಯೇ ಬೇಯದ ಒಲೆ ಅದು. ಆದುದರಿಂದ ನೇಮು ಪಕ್ಕದ ಮನೆಯ, ಮೀನು ತಿನ್ನುವ ಸೆರಾಪಿನ ಬಾಯಿಯ ಹತ್ತಿರ ಮಾತಾಡಿದ. ಅವರ ಮನೆಗೂ ನಮ್ಮ ಹಿತ್ತಲಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಮಣ್ಣಿನ ಪಾಗಾರ. ಸೆರಾಪಿನ ಬಾಯಿ ಮೀನಿನ ತಲೆ, ನುಚ್ಚು ಸೇರಿಸಿ ಬೇಯಿಸಿ, ಪಾತ್ರೆಗೆ ಮುಚ್ಚಳ ಹಾಕಿ, ದಿನವೂ ಮಧ್ಯಾಹ್ನ ಪಾಗಾರದ ಮೇಲೆ ಇಡುವುದೆಂದು ಆಯಿತು. ಹಟ್ಟಿಯವರೆಗೆ ಬರಲು ಮಾತ್ರ ಆಕೆ ಒಪ್ಪಲಿಲ್ಲ. ಬಂದ ಮೊದಲ ದಿನವೇ ಸುಬೇದಾರ ಪ್ರೀತಿಯಿಂದ ಹಾರಿ ಆಕೆಯನ್ನು ಬೈಹುಲ್ಲಿನ ರಾಶಿಯ ಮೇಲೆ ಕೆಡವಿದ್ದ. ಅಂದಿನಿಂದ ಅವನನ್ನು ಹಟ್ಟಿಯಲ್ಲಿ ಹಗ್ಗ ಹಾಕಿ ಕಟ್ಟಿದ್ದೆವು.

"ಬೇಯಿಸುವುದು ನಾನು, ಬಡಿಸುವುದು ನೀವು," ಎಂದಿದ್ದರು ಬಾಯಿ. "ನಿಮ್ಮ ಸುಬೇದಾರನ ಪ್ರೀತಿ ತಡೆಯುವ ಸೊಂಟ ನನ್ನದಲ್ಲ."

ನೇಮು ನನ್ನನ್ನು ಪ್ರತ್ಯೇಕ ಕರೆದು ಕೇಳಿದ. ಇದನ್ನು ನೀವು ಗಮನಿಸಬೇಕು, ಅವನು ಕೇಳಿದ. "ಅಕ್ಕ, ನಿನಗೆ ಹೇಸಿಗೆ ಆಗ್ತದಾ? ಪಾತ್ರೆ ಎತ್ತಿ ಹಟ್ಟಿಯಲ್ಲಿ ಇಟ್ಟರೆ ಸಾಕು, ಮುಟ್ಟುವುದು ಬೇಡ. ಆಗದಿದ್ದರೆ ಈಗಲೇ ಹೇಳು, ನಾನು ಬೇರೆ ಎಂತಾದರೂ ಮಾಡ್ತೇನೆ."

"ಆಗದೆ ಎಂತ? ನೀನು ಹೋಗು, ನಾನು ನೋಡಿಕೊಳ್ತೇನೆ" ಎಂದೆ.

ತಪ್ಪಿಸಿಕೊಳ್ಳುವ ಬಾಗಿಲನ್ನು ಅವನೇ ತೆರೆದು ಹಿಡಿದಿದ್ದ. ನಾನು ಅದನ್ನು ನಗುನಗುತ್ತ ಮುಚ್ಚಿದೆ.

ಮೂರು ದಿನ ಕೊಟ್ಟೆ. ಸೆರಗಿನಿಂದ ಮೂಗು ಮುಚ್ಚಿ, ಬಾಳೆ ಎಲೆಯ ತುಂಡಿನಲ್ಲಿ ಪಾತ್ರೆಯ ಕಂಠ ಹಿಡಿದು ಹಟ್ಟಿಯಲ್ಲಿ ಇಟ್ಟು ಓಡಿಬಂದೆ. ಸುಬೇದಾರ ಆ ಮೂರು ದಿನ ತಿಂದ ಸದ್ದು ಬಾವಿಕಟ್ಟೆಯವರೆಗೆ ಕೇಳುತ್ತಿತ್ತು. ನಾಲ್ಕನೆಯ ದಿನ ಮೂಡಬಿದ್ರೆಯಿಂದ ಚಿಕ್ಕಮ್ಮ ಬಂದರು. ಜಗಲಿಯಲ್ಲಿ ನನ್ನ ಪಕ್ಕ ಕೂತವರು ಎರಡು ಸಲ ಮೂಗೆಳೆದು, ಸ್ವಲ್ಪ ಆಚೆ ಸರಿದು, "ಸುಮತಿ, ನಿನ್ನ ಸೆರಗಿನಲ್ಲಿ ಎಂತದದು ವಾಸನೆ?" ಎಂದರು. ಅಷ್ಟೇ. ಬೈಯಲಿಲ್ಲ. ಅವರು ಸರಿದ ಆ ಒಂದು ಗೇಣು ಜಾಗ ನನ್ನನ್ನು ಮುಗಿಸಿತು.

ಯಾಕೆಂದು ಹೇಳುತ್ತೇನೆ. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತಾಯಿಮನೆಗೆ ಮರಳಿದವಳು ನಾನು. ಮಕ್ಕಳಿಲ್ಲ, ಓದಿಲ್ಲ, ರೂಪವೂ ಹೇಳಿಕೊಳ್ಳುವಂಥದ್ದಲ್ಲ. ಇದ್ದದ್ದು ಒಂದೇ ಹೆಸರು: ಆಚಾರ ಎಂದರೆ ಸುಮತಿಯದ್ದು. ಮೂಡಬಿದ್ರೆಗೆ ಹೋದರೆ ಬಸದಿಯ ಜಗಲಿಯಲ್ಲಿ ಹೆಂಗಸರು ಸರಿದು ನನಗೆ ಜಾಗ ಕೊಡುತ್ತಿದ್ದರು. ವ್ರತದ ನಿಯಮ ಏನು, ಅದಕ್ಕೆ ತಗಲುವ ದೋಷಗಳೇನು ಎಂದು ನನ್ನಿಂದ ಬಾಯಿಪಾಠ ಹೇಳಿಸಿ ತಲೆದೂಗುತ್ತಿದ್ದರು. ಜಾಗ ಕೊಡುವುದಕ್ಕೆ ಸರಿಯುವುದೂ ಸರಿಯುವುದೇ, ವಾಸನೆಗೆ ಸರಿಯುವುದೂ ಸರಿಯುವುದೇ. ಆದರೆ ಎರಡನೆಯದನ್ನು ಕಂಡ ದಿನ ಆ ಸೀರೆಯನ್ನು ಮೂರು ಸಲ ಒಗೆದೆ.

ಮರುದಿನದಿಂದ ಸೆರಾಪಿನ ಬಾಯಿಯ ಪಾತ್ರೆ ಪಾಗಾರದಿಂದ ನೇರ ಹಿತ್ತಲ ಮೂಲೆಯ ಗೊಬ್ಬರದ ಗುಂಡಿಗೆ ಹೋಯಿತು. ಪಾತ್ರೆ ಮುಟ್ಟಿದ್ದು ಸ್ನಾನ ಮಾಡಿದರೆ ಹೋದೀತು, ಮೀನು ತಿಂದ ನಾಯಿ ದಿನವಿಡೀ ಸೆರಗಿಗೆ ಮೂತಿ ಒರೆಸಿದರೆ ಹೋದೀತೇ ಎಂಬುದು ನನ್ನ ಲೆಕ್ಕ. ಸುರಿದು, ಮೇಲೆ ಎರಡು ಬುಟ್ಟಿ ತರಗೆಲೆ ಹಾಕಿ, ಪಾತ್ರೆ ತಿಕ್ಕಿ, ಸ್ನಾನ ಮಾಡಿ, ಸಂಜೆ ಪಾಗಾರದ ಮೇಲಿಟ್ಟು, "ಎಲ್ಲ ತಿಂದಿತು ಬಾಯಿ, ಒಂದು ಅಗಳು ಬಿಡಲಿಲ್ಲ" ಎನ್ನುತ್ತಿದ್ದೆ. ನಾಯಿಗೆ ನಾನು ಕೊಟ್ಟದ್ದು ಕುಚ್ಚಲಕ್ಕಿ ಗಂಜಿ, ಮಜ್ಜಿಗೆ, ಮೇಲೊಂದು ಬೆಲ್ಲದ ತುಂಡು. ಬಡಿಸುವಾಗ ನನ್ನ ಕೈ ಹಿಡಿತದ್ದಾಗಿರಲಿಲ್ಲ. ಹೊಟ್ಟೆ ತುಂಬ, ಬೇಕಾದರೆ ಎರಡು ಸಲ. ನಾವೆಲ್ಲ ಗಂಜಿಯಲ್ಲೇ ಬೆಳೆದದ್ದಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವಾಗ ನನ್ನ ದನಿ ಎಷ್ಟು ಶಾಂತವಾಗಿತ್ತೆಂದರೆ, ಈಗ ನೆನೆದರೆ ಆ ಸುಮತಿಯ ಕೆನ್ನೆಗೆ ಬಾರಿಸಬೇಕೆನಿಸುತ್ತದೆ. ಕೆಟ್ಟವರು ಕೆಟ್ಟದ್ದನ್ನು ಮಾಡುವಾಗ ಕೈಯಾದರೂ ನಡುಗುತ್ತದೆಯಂತೆ. ಒಳ್ಳೆಯವಳೆಂದು ಹೆಸರು ಪಡೆದವಳ ಕೈ ನಡುಗುವುದೂ ಇಲ್ಲ.

ಗಂಜಿ ಕುಡಿದ ಸುಬೇದಾರನ ಹೊಟ್ಟೆ ಮದ್ದಳೆಯಂತೆ ಉಬ್ಬಿತು. ಅದರ ಮೇಲೆ ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಂಡವು. ಹೊಟ್ಟೆ ನೋಡಿದರೆ ಪುಷ್ಟಿ, ಬೆನ್ನು ನೋಡಿದರೆ ಬರಗಾಲ. ಕಾಲು ಉದ್ದವಾಗುತ್ತಲೇ ಹೋಯಿತು, ಅದರ ಮೇಲೆ ಮಾಂಸ ಹತ್ತಲಿಲ್ಲ.

ನೇಮು ಊರಿಗೆ ಬಂದಾಗಲೆಲ್ಲ ಅದನ್ನು ಪೇಟೆಯ ಅಡಿಕೆ ಅಂಗಡಿಗೆ ಒಯ್ದು, ಗೋಣಿಯ ಜೋಲಿಯಲ್ಲಿ ಕೂರಿಸಿ, ಮೂಟೆ ತೂಗುವ ದೊಡ್ಡ ತಕ್ಕಡಿಗೆ ನೇತುಹಾಕಿ ತೂಗಿಸುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ಸುಬೇದಾರ ನಾಲ್ಕು ಕಾಲನ್ನೂ ಜೋಲಿಯ ಹೊರಗೆ ಇಳಿಬಿಟ್ಟು, ಕೋರ್ಟಿನಲ್ಲಿ ನಿಂತ ಸಾಕ್ಷಿಯ ಹಾಗೆ ಎಲ್ಲರನ್ನೂ ನೋಡುತ್ತಿದ್ದ.

"ಏನು ನೇಮಣ್ಣ, ಈ ಸಲ ತಂದದ್ದು ಬರೀ ಕೋಕ ಅಡಿಕೆಯಾ?" ಎಂದರು ಅಂಗಡಿಯವರು. "ಸಿಪ್ಪೆ ಮಾತ್ರ ಉಂಟು, ಒಳಗೆ ತಿರುಳೇ ಇಲ್ಲ ಮಾರಾಯ!"

"ಮೆಲ್ಲ ಹೇಳಿ, ಅವನಿಗೆ ಬೇಸರ ಆಗ್ತದೆ" ಎಂದು ನೇಮುವೂ ನಕ್ಕ. ಪೇಟೆ ದಾಟಿದ ಮೇಲೆ ನಗು ನಿಂತಿತು. "ಹೋದ ಸಲಕ್ಕಿಂತ ಎರಡು ರಾತಲು ಕಡಿಮೆ ಅಕ್ಕ. ಬೆಳೆಯುವ ಮರಿ ಇಳಿಯುವುದು ಹೇಗೆ? ಮೀನು ತಿನ್ತದಲ್ಲ?"

"ತಿನ್ತದೆ."

"ನೀನು ಇಷ್ಟು ಮಾಡಿಯೂ ಹೀಗೆ ಅಂದರೆ ಹುಳವೇ ಇರಬೇಕು."

ಅವನು ನನ್ನನ್ನು ಸಂಶಯಿಸಲಿಲ್ಲ. ಆ ನಂಬಿಕೆಯ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದು ಹೇಳಲಾರೆ. ಊರಿನಲ್ಲಿದ್ದಾಗಲೂ ಅವನ ಹಗಲು ಪೇಟೆಯಲ್ಲೇ ಕಳೆಯುತ್ತಿತ್ತು. ಒಂದೇ ಒಂದು ಸಲ, ಒಂದೇ ಒಂದು ಮಧ್ಯಾಹ್ನ ಅವನು ಹೇಳದೆ ಕೇಳದೆ ಮನೆಗೆ ಬಂದಿದ್ದರೆ ಸಾಕಿತ್ತು. ತಪ್ಪು ಮಾಡುವವರು ಸಿಕ್ಕಿಬೀಳಲು ಎಷ್ಟು ಹಂಬಲಿಸುತ್ತಾರೆ, ಸಿಕ್ಕಿಬೀಳದಿರಲು ಎಷ್ಟು ಎಚ್ಚರ ವಹಿಸುತ್ತಾರೆ! ಎರಡೂ ಒಂದೇ ಎದೆಯಲ್ಲಿ ಇರುತ್ತವೆ.

ಮತ್ತೆ ಬಂಟ್ವಾಳಕ್ಕೆ ಹೋದೆವು. ಉಣಬಡಿಸುವವಳು ನೀನು, ಡಾಕ್ಟರು ಏನಾದರೂ ಕೇಳಿದರೆ ನಿನಗೆ ಗೊತ್ತಿರುತ್ತದೆ ಎಂದು ನೇಮು ನನ್ನನ್ನೂ ಲಾರಿಯಲ್ಲಿ ಕೂರಿಸಿಕೊಂಡು ಹೋದ. ಡಾಕ್ಟರು ಮರಿಯ ಹೊಟ್ಟೆ ಒತ್ತಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, ಬಾಗತೊಡಗಿದ್ದ ಮುಂಗಾಲನ್ನು ಹಿಡಿದು ನೋಡಿದರು.

"ಮೀನು, ಎಲುಬು ಕೊಡ್ತಾ ಇದ್ದೀರಾ?"

"ದಿನಾ," ಎಂದ ನೇಮು. "ನಮ್ಮ ಅಕ್ಕ ಸ್ವತಃ ಕೈಯಾರೆ ಕೊಡುವುದು. ಮೀನು ಮುಟ್ಟದವರು ಡಾಕ್ಟ್ರೇ, ಆದರೂ."

ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮ, ಇದರ ಮಲ ಯಾವ ಬಣ್ಣ? ಎಲುಬು ತಿನ್ನುವ ನಾಯಿಯದ್ದು ಒಣಗಿದ ಮೇಲೆ ಬಿಳಿಚಿಕೊಳ್ತದೆ. ಬರೀ ಅನ್ನ ತಿಂದರೆ ಹಾಗೆ ಆಗುವುದಿಲ್ಲ."

ಒಂದು ಶಬ್ದ ಸಾಕಿತ್ತು. ಹಟ್ಟಿ ಗುಡಿಸುವವಳು ನಾನು, ಬಣ್ಣ ನನಗೆ ಗೊತ್ತಿತ್ತು. ನೇಮು ನನ್ನ ಮುಖ ನೋಡುತ್ತಿದ್ದ, ಹೆಮ್ಮೆಯಿಂದ.

"ಬಿಳಿ" ಎಂದೆ.

"ಹಾಗಾದರೆ ಹುಳವೇ" ಎಂದರು ಡಾಕ್ಟರು. ತಪ್ಪು ಅವರದ್ದಲ್ಲ. ಕಂಡದ್ದಕ್ಕಿಂತ ಕೇಳಿದ್ದನ್ನು ನಂಬಿದರು, ಅಷ್ಟೇ. ಆ ಕಾಲದಲ್ಲಿ ನಾಯಿಯ ಹುಳಕ್ಕೆ ಅಡಿಕೆ ಹುಡಿಯ ಮದ್ದು ಇತ್ತು. ಒಣ ಅಡಿಕೆಯನ್ನು ನುಣ್ಣಗೆ ಅರೆದು ತುಪ್ಪದಲ್ಲಿ ಕಲಸಿ ನುಂಗಿಸಬೇಕು, ಹಿಂದಿನ ದಿನ ಪೂರ್ತಿ ಉಪವಾಸ, ಮದ್ದಿನ ಬಳಿಕ ಹರಳೆಣ್ಣೆ. ಒಂದು ಸಲಕ್ಕೆ ಆಗದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಎಂದು ಅಳತೆ ಬರೆದುಕೊಟ್ಟರು.

ಹಸಿವಿನಿಂದ ಸೊರಗಿದ ಮರಿಗೆ ಹೀಗೆ ಉಪವಾಸವನ್ನೇ ಮದ್ದಾಗಿ ಬರೆಯಿಸಿಕೊಂಡು ಬಂದೆ. ಎರಡು ಸಲವೂ ಅದರ ಬಾಯಿ ಅಗಲಿಸಿ ಹಿಡಿದವಳು ನಾನೇ. ಸುಬೇದಾರ ಒಮ್ಮೆಯೂ ಕಚ್ಚಲಿಲ್ಲ. ಹುಡಿ ನುಂಗಿ, ನನ್ನ ಬೆರಳಿಗೆ ಅಂಟಿದ್ದ ತುಪ್ಪವನ್ನು ನೆಕ್ಕಿತು. ಆ ನಾಲಗೆ ನೆನಪಾದಾಗಲೆಲ್ಲ ಈಗಲೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ.

ಎರಡನೆಯ ಮದ್ದಿನ ಮರುದಿನ ನೇಮು ಘಟ್ಟಕ್ಕೆ ಹೋದ. ಅದಾಗಿ ಎರಡು ದಿನಕ್ಕೆ ಸುಬೇದಾರ ಏಳಲಿಲ್ಲ. ಮಧ್ಯಾಹ್ನ ಗಂಜಿ ಇಟ್ಟರೆ ತಲೆ ಎತ್ತಲಿಲ್ಲ, ಕಣ್ಣು ಮಾತ್ರ ನನ್ನ ಜೊತೆ ತಿರುಗಿತು. ನಾನು ಹಟ್ಟಿಯ ಬಾಗಿಲಲ್ಲಿ ನಿಂತೇ ಇದ್ದೆ. ಅಷ್ಟರಲ್ಲಿ ಪಾಗಾರದ ಕಡೆಯಿಂದ ಸದ್ದಾಯಿತು. ಸೆರಾಪಿನ ಬಾಯಿ ಸೀರೆ ಎತ್ತಿಕಟ್ಟಿ, ಒಂದು ಕೈಯಲ್ಲಿ ಪಾತ್ರೆ ಹಿಡಿದು, ಪಾಗಾರ ಹತ್ತಿ ಈಚೆ ಇಳಿಯುತ್ತಿದ್ದರು.

"ಸುಮತಿ, ನನ್ನ ಬೆಕ್ಕು ಒಂದು ತಿಂಗಳಿಂದ ಮನೆಯ ಅನ್ನಕ್ಕೆ ಬಾಯಿ ಹಾಕುವುದಿಲ್ಲ," ಎಂದರು ಏದುಸಿರು ಬಿಡುತ್ತ. "ಆದರೂ ಮದುವೆ ಮನೆಯ ಅಡಿಗೆಯವನ ಹಾಗೆ ದಪ್ಪ ಆಗಿದೆ. ಇವತ್ತು ಹಿಂದೆಯೇ ಬಂದು ನೋಡಿದೆ. ನಿಮ್ಮ ಗೊಬ್ಬರದ ಗುಂಡಿಯಲ್ಲಿ ಕೂತು ನಾನು ನಿನ್ನೆ ಬೇಯಿಸಿದ ಬಂಗುಡೆ ಮೀನು ತಿನ್ತಾ ಉಂಟು."

ಆಕೆ ಹಟ್ಟಿಯೊಳಗೆ ಇಣುಕಿದರು. ಹೆದರಿ ಹಿಂದೆ ಸರಿಯಬೇಕಾದವರು ಒಳಗೇ ಹೋದರು. ಹಾರಿ ಕೆಡವುವ ಪ್ರಾಣಿ ಅಲ್ಲಿ ಇರಲಿಲ್ಲ, ಚರ್ಮ ಹೊದಿಸಿದ ಒಂದು ಚಟ್ಟ ಇತ್ತು.

"ದೇವರೇ!" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಆಗುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನೇ ಬಿದ್ದೆದ್ದು ಬಂದು ಕೊಡ್ತಿದ್ದೆ. ನನ್ನ ಅಡಿಗೆ ಚೆಲ್ಲಿದ್ದಕ್ಕೆ ಸಿಟ್ಟಿಲ್ಲ ಮಾರಾಯ್ತಿ. ಪಾತ್ರೆ ಚಂದ ತಿಕ್ಕಿ ತಂದು ನಗಾಡಿಕೊಂಡು 'ಒಂದು ಅಗಳು ಬಿಡಲಿಲ್ಲ' ಅಂತಿದ್ದೆಯಲ್ಲ, ಅದಕ್ಕೆ ಸಿಟ್ಟು."

ಜಗಲಿಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಎಲ್ಲ ಕೇಳಿಸಿತ್ತು ಅವರಿಗೆ. ಎಂಬತ್ತು ದಾಟಿದ ಅಜ್ಜಿ, ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ಅಜ್ಜಿ, ಕುಡಿಯುವ ನೀರನ್ನು ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸುವ ಅಜ್ಜಿ. ನನ್ನ ಪರ ಮಾತಾಡುವವರು ಯಾರಾದರೂ ಇದ್ದರೆ ಇವರೇ ಎಂದುಕೊಂಡೆ.

"ಸುಮತಿ, ಅಹಿಂಸಾವ್ರತಕ್ಕೆ ತಗಲುವ ದೋಷ ಎಷ್ಟು?" ಎಂದು ಕೇಳಿದರು.

ಮೂಡಬಿದ್ರೆಯ ಹೆಂಗಸರ ಮುಂದೆ ನೂರು ಸಲ ಒಪ್ಪಿಸಿದ ಪಾಠ ಅದು. "ಐದು" ಎಂದೆ.

"ಹೇಳು."

"ಪ್ರಾಣಿಯನ್ನು ಕಟ್ಟಿಹಾಕುವುದು. ಹೊಡೆಯುವುದು. ಅಂಗ ಊನ ಮಾಡುವುದು. ಹೊರಲಾರದ ಹೊರೆ ಹೇರುವುದು."

"ಐದನೆಯದು?"

ಸೆರಾಪಿನ ಬಾಯಿ ಒಮ್ಮೆ ಅಜ್ಜಿಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು.

"ಅನ್ನ ನೀರು ತಡೆಯುವುದು."

"ಕಟ್ಟಿಯೂ ಆಯಿತು, ತಡೆದೂ ಆಯಿತು," ಎಂದರು ಅಜ್ಜಿ. "ಮೀನು ಸತ್ತದ್ದರಲ್ಲಿ ಪಾಪ ಇಲ್ಲ ಅಂತ ನಾನು ಹೇಳುವುದಿಲ್ಲ. ಉಂಟು. ಆದರೆ ಕಟ್ಟಿದ ನಾಯಿ ತಾನೇ ಹೋಗಿ ತಿನ್ನಲಿಕ್ಕೆ ಆಗ್ತದಾ? ವ್ರತ ತಗೊಂಡದ್ದು ನಾನು. ನಾಯಿಗೆ ಯಾರು ಕೊಟ್ಟದ್ದು ವ್ರತ?" ಹೀಗೆ ಹೇಳಿ ಕೈ ಚಾಚಿದರು. "ಬಾಯಿ, ಪಾತ್ರೆ ಎಲ್ಲಿ ಉಂಟು? ನನಗೆ ಕಾಣುವುದಿಲ್ಲ."

ಸೆರಾಪಿನ ಬಾಯಿ ಅಜ್ಜಿಯ ಕೈ ಹಿಡಿದು ಪಾತ್ರೆಯೊಳಗೆ ಅದ್ದಿಸಿದರು. ಅಜ್ಜಿ ಮೀನಿನ ರಸದಲ್ಲಿ ಬೆರಳು ಅದ್ದಿ ಸುಬೇದಾರನ ತುಟಿಗೆ ಹಚ್ಚಿದರು. ಎರಡು ಸಲ ಅಲುಗಲಿಲ್ಲ. ಮೂರನೆಯ ಸಲ ನಾಲಗೆ ಹೊರಬಂತು. ಆಮೇಲೆ ಅಜ್ಜಿ ಬಾವಿಕಟ್ಟೆಗೆ ಹೋಗಿ ವಾಂತಿ ಮಾಡಿಕೊಂಡರು, ತಲೆಗೆ ನೀರು ಹೊಯ್ದುಕೊಂಡರು, ಆ ದಿನ ಮತ್ತೆ ಏನೂ ತಿನ್ನಲಿಲ್ಲ. ಮರುದಿನ ಮತ್ತೆ ಹಟ್ಟಿಗೆ ಹೊರಟಾಗ ನಾನು ಅಡ್ಡ ನಿಂತು ಪಾತ್ರೆ ತೆಗೆದುಕೊಂಡೆ. "ಕೈ ತೊಳೆದರೆ ಹೋಗ್ತದೆ" ಎಂದರು, ಅಷ್ಟೇ. ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹಸಿದ ಹೊಟ್ಟೆಗೆ ಒಮ್ಮೆಲೇ ಸುರಿಯಬಾರದು ಎಂದು ಕಲಿಸಿದವರು ಬಾಯಿ. ಮೊದಲು ರಸ, ಎರಡೆರಡು ಚಮಚ, ಗಂಟೆಗೊಮ್ಮೆ. ಮೂರನೆಯ ದಿನ ಮೊಟ್ಟೆಯ ಹಳದಿ. ಆಮೇಲೆ ಮುಳ್ಳು ಬಿಡಿಸಿದ ಮೀನು, ಹಿಡಿ ಅನ್ನ, ದಿನಕ್ಕೆ ನಾಲ್ಕು ಸಲ. ಮುಳ್ಳು ಬಿಡಿಸಿದವಳು ನಾನು, ನನ್ನ ಉಗುರುಗಳಿಂದ. ಬೆಳಗ್ಗೆ ಎಳೆಬಿಸಿಲಿಗೆ ಗೋಣಿಯ ಮೇಲೆ ಎಳೆದು ಮಲಗಿಸುವುದು, ಸಂಜೆ ಮತ್ತೆ ಒಳಗೆ. ಐದನೆಯ ದಿನ ಅದು ಎದ್ದು ನಿಂತು, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿ, ಯಾರು ದೂಡಿದ್ದೆಂಬ ಹಾಗೆ ಗಂಭೀರವಾಗಿ ಸುತ್ತ ನೋಡಿತು. ಬಾಯಿ ನಕ್ಕರು. ನಾನು ನಗಲಿಲ್ಲ.

ಆರನೆಯ ದಿನ ನೇಮು ಬಂದ. ಹಟ್ಟಿಯಿಂದ ಎದ್ದು ಬಂದ ಸುಬೇದಾರನನ್ನು ತಬ್ಬಿಕೊಂಡು, "ಹಿಡಿಯಿತಲ್ಲ ಅಡಿಕೆ ಹುಡಿ!" ಎಂದು ಕೂಗಿದ. "ಡಾಕ್ಟರು ಹೇಳಿದ್ದೇ ಸರಿ. ಅಕ್ಕ, ನಿನ್ನ ಕೈಗುಣ ಮಾರಾಯ್ತಿ!"

ಅಜ್ಜಿ ನನ್ನ ಕಡೆ ಮುಖ ಮಾಡಿದರು. ಅವರು ಮೊದಲೇ ಹೇಳಿದ್ದರು, "ನಾನು ಹೇಳುವುದಿಲ್ಲ, ಬಾಯಿಯೂ ಹೇಳುವುದಿಲ್ಲ. ಹೇಳುವುದು ನಿನ್ನ ಕೆಲಸ." ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನಾಯಿಮರಿಯನ್ನು ಹಸಿವಿಗೆ ಕೆಡವಿದ್ದು ಹೇಡಿತನ ಎನ್ನಬಹುದು, ಮೂಢತನ ಎನ್ನಬಹುದು. ಈ ಎರಡನೆಯ ಮೌನಕ್ಕೆ ನನ್ನಲ್ಲಿ ಹೆಸರಿಲ್ಲ. ಅದು ಉಳಿಯಿತಲ್ಲ, ಇನ್ನೇಕೆ ಹೇಳಬೇಕು ಎಂದುಕೊಂಡೆ. ಮುಗಿದ ತಪ್ಪನ್ನು ಮುಚ್ಚಿಟ್ಟರೆ ಸುಮ್ಮನಿರುತ್ತದೆ ಎಂದುಕೊಂಡೆ. ತಪ್ಪು ಮುಗಿದಿರಲಿಲ್ಲ. ನನ್ನ ಸುಳ್ಳು ನನ್ನ ತಮ್ಮನ ತಲೆಯಲ್ಲಿ ಜ್ಞಾನವಾಗಿ ಕೂತಿತ್ತು.

ಮೂರು ತಿಂಗಳಲ್ಲಿ ಸುಬೇದಾರನ ಪಕ್ಕೆಲುಬುಗಳು ಮಾಂಸದೊಳಗೆ ಅಡಗಿದವು. ಕೈಯಾಡಿಸಿದರೆ ಸಿಗುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ, ಡಾಕ್ಟರು ಹೇಳಿದ ಹಾಗೆಯೇ. ಮುಂಗಾಲುಗಳ ಬಾಗು ಮಾತ್ರ ನೇರವಾಗಲಿಲ್ಲ, ಕೊನೆಯವರೆಗೂ. ಅಡಿಕೆ ಅಂಗಡಿಯವರು ತಕ್ಕಡಿಯ ಹತ್ತಿರ ನಿಂತು, "ಈಗ ಆಯಿತು ನೋಡಿ ಒಳ್ಳೆ ಮಾಲು" ಎಂದರು. ನೇಮುವಿನ ಹೆಸರು ಘಾಟಿಯ ಎರಡೂ ಕಡೆ ಹಬ್ಬಿತು. ಚಹದ ಅಂಗಡಿಗಳಲ್ಲಿ ಲಾರಿ ನಿಲ್ಲಿಸಿದರೆ "ನೇಮು ಡಾಕ್ಟ್ರೇ, ನಮ್ಮ ನಾಯಿ ತಿನ್ನುವುದಿಲ್ಲವಲ್ಲ" ಎಂದು ಕೇಳುವವರಾದರು. ಎಲ್ಲರಿಗೂ ಅವನ ಉತ್ತರ ಒಂದೇ: ಉಪವಾಸ, ಅಡಿಕೆ ಹುಡಿ, ಹರಳೆಣ್ಣೆ.

ತೋಡಾರಿನ ರೈಟರ್ ಶೆಟ್ಟರ ಹೆಣ್ಣು ಮರಿಯೂ ಬೆಳೆದಿತ್ತು. ಎಳೆ ಪ್ರಾಯದಲ್ಲಿ ಉದ್ದಕ್ಕೆ ಬೆಳೆಯುವಾಗ ತೆಳ್ಳಗಾಗುವಂತೆ ಸ್ವಲ್ಪ ಸೊರಗಿತ್ತು, ಬೇರೇನೂ ಇದ್ದಿರಲಾರದು. ಶೆಟ್ಟರು ಹೇಳಿಕಳಿಸಿದರು. ನೇಮು ಹೋದ. ಒಂದು ದಿನದ ಉಪವಾಸವನ್ನು ಎರಡು ದಿನ ಮಾಡಿದ. ಮರಿ ಆಗಿನ ಸುಬೇದಾರನಿಗಿಂತ ದೊಡ್ಡದಿದೆ ಎಂದು ಅಡಿಕೆ ಹುಡಿಯ ಅಳತೆಯನ್ನೂ ಅಂದಾಜಿನಿಂದ ಹೆಚ್ಚಿಸಿದ. ಮದ್ದು ನುಂಗಿದ ಮಧ್ಯಾಹ್ನವೇ ಅದು ನೊರೆ ಕಾರಿ ಸತ್ತಿತು.

ನೇಮು ಮನೆಗೆ ಬಂದು ಜಗಲಿಯಲ್ಲಿ ಕೂತ. "ನನ್ನ ಕೈಯಿಂದ ಸತ್ತಿತು ಅಕ್ಕ. ಸುಬೇದಾರನಿಗೆ ಹಿಡಿದ ಮದ್ದು ಅದರ ತಂಗಿಗೆ ಯಾಕೆ ಹಿಡಿಯಲಿಲ್ಲ? ಎಲ್ಲಿ ತಪ್ಪಿತು? ನನಗೆ ಗೊತ್ತಾಗುವುದಿಲ್ಲ."

ಆಗ ಹೇಳಿದೆ. ಪಶ್ಚಾತ್ತಾಪದಿಂದ ಹೇಳಿದೆ ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ಸಿಟ್ಟಿನಿಂದ ಹೇಳಿದೆ, ಬಹುತೇಕ ಕಿರುಚಿ ಹೇಳಿದೆ, ಅವನೇ ಅಪರಾಧಿ ಎಂಬ ಹಾಗೆ. ಮದ್ದು ಸುಬೇದಾರನಿಗೂ ಹಿಡಿದಿರಲಿಲ್ಲ, ಅದು ಬದುಕಿದ್ದು ಮೀನಿನಿಂದ, ಮೀನು ಅದಕ್ಕೆ ಸಿಕ್ಕಿದ್ದು ಅದು ಸಾಯಲು ಬಿದ್ದ ಮೇಲೆ ಎಂದೆ. ಗೊಬ್ಬರದ ಗುಂಡಿ, ತರಗೆಲೆ, ಬೆಕ್ಕು, ಎಲ್ಲ ಹೇಳಿದೆ.

ಅವನು ಒಂದೇ ಪ್ರಶ್ನೆ ಕೇಳಿದ. "ಡಾಕ್ಟರು ಬಣ್ಣ ಕೇಳಿದಾಗ ನೀನು ಬಿಳಿ ಅಂದದ್ದು?"

"ಸುಳ್ಳು."

"ನಾಳೆ ಬೆಳಿಗ್ಗೆ ಲಾರಿ ಹತ್ತು. ತೋಡಾರಿಗೆ ಹೋಗುವ. ನನಗೆ ಹೇಳಿದ್ದು ಸಾಲದು."

ಶೆಟ್ಟರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಕೂತುಕೊಳ್ಳಿ ಎಂದರು, ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕೇಳಿ ಮುಗಿಸಿ ನನ್ನ ತಮ್ಮನನ್ನು ನೋಡಿದರು.

"ನಿನ್ನ ತಪ್ಪಲ್ಲ ಅಂತ ಹೇಳಿಸಲಿಕ್ಕೆ ಇವರನ್ನು ಕರಕೊಂಡು ಬಂದದ್ದಾ?"

"ಅಲ್ಲ ಶೆಟ್ರೇ. ಗೊತ್ತಿಲ್ಲದ ಅಳತೆಯಲ್ಲಿ ಕೊಟ್ಟದ್ದು ನಾನು. ಅದು ನನ್ನದೇ. ಇನ್ನೊಂದು ನಾಯಿಗೆ ಈ ಮದ್ದು ಹೋಗಬಾರದು ಅಂತ ಬಂದದ್ದು."

ಶೆಟ್ಟರು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ನೀವು ಆ ಆಚಾರದ ಸುಮತಿಯಮ್ಮ ಅಲ್ವಾ? ನಮ್ಮ ಮನೆಯವಳು ನಿಮ್ಮ ಹೆಸರು ಹೇಳುವುದುಂಟು" ಎಂದರು. ಆಮೇಲೆ ಸುಲಿಯುವ ಕೆಲಸಕ್ಕೆ ಮರಳಿದರು. ನನ್ನನ್ನು ಯಾರೂ ಅಷ್ಟು ಸರಿಯಾಗಿ ಹೊಡೆದಿಲ್ಲ.

ಹಿಂದೆ ಬರುವಾಗ, ಆಮೇಲಿನ ವಾರಗಳಲ್ಲಿಯೂ, ನೇಮು ಮದ್ದು ಹೇಳಿದ್ದ ಒಂದೊಂದು ಚಹದ ಅಂಗಡಿಯ ಮುಂದೆಯೂ ಲಾರಿ ನಿಲ್ಲಿಸಿ ಇಳಿದು, "ಅಡಿಕೆ ಹುಡಿ ಕೊಡಬೇಡಿ, ನಾನು ಹೇಳಿದ್ದು ತಪ್ಪು. ನನ್ನ ನಾಯಿ ಗುಣ ಆದದ್ದು ಊಟದಿಂದ" ಎಂದು ಹೇಳಿದ. ಜನ ನಕ್ಕರು. ಡಾಕ್ಟ್ರ ಪದವಿ ಹೋಯಿತಾ ಎಂದು ಕೇಳಿದರು. ನನ್ನ ಹೆಸರನ್ನು ಅವನು ಎಲ್ಲಿಯೂ ಹೇಳಲಿಲ್ಲ.

ಮನೆಯಲ್ಲಿ ಅವನು ನನ್ನೊಡನೆ ಮಾತು ಬಿಡಲಿಲ್ಲ. ನಾನು ಬಡಿಸಿದ್ದನ್ನು ಉಂಡ, ಅಕ್ಕ ಎಂದೇ ಕರೆದ. ಆದರೆ ಮುಂದಿನ ಸಲ ಘಟ್ಟಕ್ಕೆ ಹೊರಡುವಾಗ ಹಟ್ಟಿಗೆ ಹೋಗಿ ಹಗ್ಗ ಬಿಚ್ಚಿ, ಸುಬೇದಾರನನ್ನು ಲಾರಿಯ ಮುಂಭಾಗಕ್ಕೆ ಹತ್ತಿಸಿ ತನ್ನ ಪಕ್ಕ ಕೂರಿಸಿಕೊಂಡ. ಆಮೇಲೆ ಆ ನಾಯಿ ಬದುಕಿದ್ದ ಏಳು ವರ್ಷವೂ ಹಾಗೆಯೇ. ಒಂದು ದಿನಕ್ಕೂ, ಒಂದು ಹೊತ್ತಿಗೂ ಅದನ್ನು ನನ್ನ ಕೈಯಲ್ಲಿ ಬಿಟ್ಟು ಹೋಗಲಿಲ್ಲ.

"ಬಿಟ್ಟು ಹೋಗು ನೇಮು, ಈಗ ನಾನು ಸರಿಯಾಗಿ ಕೊಡ್ತೇನೆ" ಎಂದು ಆ ಮೊದಲ ಸಲ ಕೇಳಿದೆ.

"ಗೊತ್ತುಂಟು ಅಕ್ಕ," ಎಂದ, ನನ್ನ ಮುಖ ನೋಡದೆ. "ಒಬ್ಬನೇ ಘಾಟಿ ಹತ್ತುವಾಗ ಬೇಸರ ಆಗ್ತದೆ. ಅದಕ್ಕೆ."

ಅವನು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಲಾರಿ ಹೊರಟಿತು. ಕಿಟಕಿಯಿಂದ ಆ ಮಣಭಾರದ ತಲೆ ಹೊರಬಂತು, ಹಣೆ ಸುಕ್ಕಿಸಿ, ನಾಲಗೆ ಇಳಿಬಿಟ್ಟು, ರಸ್ತೆ ತಿರುಗುವವರೆಗೂ ನನ್ನನ್ನೇ ನೋಡುತ್ತ. ಆ ನೋಟದಲ್ಲಿ ಇದ್ದದ್ದು ಪ್ರೀತಿ ಮಾತ್ರ. ಸಿಟ್ಟು ಮಾಡುವುದು ಅದಕ್ಕೆ ತಿಳಿದಿರಲಿಲ್ಲ. ಅದರ ಪಾಲಿನ ಸಿಟ್ಟನ್ನೂ ನಾನೇ ಮಾಡುತ್ತ ಬಂದಿದ್ದೇನೆ.